ಪೊರೆ ತೆಗೆದ ಮೇಲಿನ ದಿನಗಳು

ತಮ್ಮ ಮನೆಯ ಹಿರಿಯರೊಬ್ಬರು ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದರೆ, ವೈದ್ಯರ ಕಟ್ಟಪ್ಪಣೆಗಳನ್ನು ತಾವು ಬಲ್ಲಿರಿ: ಕಣ್ಣುಜ್ಜಬಾರದು, ಭಾರ ಎತ್ತಬಾರದು, ತಲೆಗೆ ಸ್ನಾನ ಮಾಡುವಾಗ ನೀರು ಕಣ್ಣಿಗೆ ತಾಕಬಾರದು, ಹೊತ್ತುಹೊತ್ತಿಗೆ ಹನಿಮದ್ದು ಬಿಡಬೇಕು. ಅರ್ಧ ಗಂಟೆಯೂ ಹಿಡಿಯದ ಶಸ್ತ್ರಕ್ರಿಯೆಗೆ ಇಷ್ಟು ದಿನದ ಪಥ್ಯವೇಕೆಂದು ಹಿರಿಯರು ಗೊಣಗುವುದುಂಟು. ಈ ಪಥ್ಯದ ಇತಿಹಾಸ ಬಹು ದೀರ್ಘವಾದದ್ದು.

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಶಲಾಕೆಯಿಂದ ಕಣ್ಣನ್ನು ಚುಚ್ಚಿ ಮಬ್ಬನ್ನು ಸರಿಸುವ ಕ್ರಮದ ವರ್ಣನೆಯಿದೆ. ಅಲ್ಲಿ ಮುಂದಿನ ಆರೈಕೆಯ ಮಾತೂ ಇದೆ. ಕಣ್ಣಿಗೆ ತುಪ್ಪ ಸವರಿ ಬಟ್ಟೆ ಕಟ್ಟಿ ರೋಗಿಯನ್ನು ಅಂಗಾತ ಮಲಗಿಸಬೇಕು. ತೇಗು, ಕೆಮ್ಮು, ಸೀನು ಕೂಡದು. ಮೂರು ದಿನಕ್ಕೊಮ್ಮೆ ಕಣ್ಣು ತೊಳೆಯಬೇಕು. ಹತ್ತು ದಿನ ಸಂಯಮದಿಂದಿರಬೇಕು. ಚುಚ್ಚುವುದರಲ್ಲಿ ತಪ್ಪಾದರೆ ಬರುವ ನೋವು, ಕೆಂಪು, ಊತಗಳನ್ನೂ ಗ್ರಂಥಕಾರನು ಮರೆತಿಲ್ಲ.

ಯೂರೋಪಿನಲ್ಲಿಯೂ ಬಹುಕಾಲ ನಡೆದದ್ದು ಇಂತಹದೇ ವಿಧಾನ. ಮಬ್ಬಾದ ಮಸೂರವನ್ನು ಸೂಜಿಯಿಂದ ಹಿಂದಕ್ಕೆ ತಳ್ಳಿದರೆ ಬೆಳಕು ಒಳಹೋಗುತ್ತಿತ್ತು ನಿಜ. ಆದರೆ ತಳ್ಳಿದ ಮಸೂರ ಕಣ್ಣಿನೊಳಗೇ ಉಳಿದು ಉರಿಯೂತವನ್ನು ತರಬಹುದಾಗಿತ್ತು. ಊರೂರು ತಿರುಗುವ ವೈದ್ಯನೋ, ಪಟ್ಟಿ ಬಿಚ್ಚುವ ಹೊತ್ತಿಗೆ ಮುಂದಿನ ಊರು ಸೇರಿರುತ್ತಿದ್ದ. 1750ರ ವಸಂತದಲ್ಲಿ ಲೈಪ್‌ಜಿಗ್ ನಗರದಲ್ಲಿ ಜಾನ್ ಟೇಲರ್ ಎಂಬ ಅಂತಹ ಸಂಚಾರಿ ವೈದ್ಯನು ಸಂಗೀತಗಾರ ಬಾಖ್‌ನ ಕಣ್ಣಿಗೆ ಎರಡು ಬಾರಿ ಶಸ್ತ್ರಕ್ರಿಯೆ ಮಾಡಿದ. ದೃಷ್ಟಿ ಮರಳಲಿಲ್ಲ, ಆರೋಗ್ಯವೂ ಕೆಟ್ಟಿತು. ಜುಲೈ 28ರಂದು ಬಾಖ್ ತೀರಿಕೊಂಡ. ಮುಂದೆ ಹ್ಯಾಂಡೆಲ್‌ನ ಕಣ್ಣಿಗೂ ಕೈಯಿಟ್ಟವನು ಇದೇ ಟೇಲರ್!

ಅದೇ ಕಾಲದಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಮಸೂರವನ್ನು ತಳ್ಳುವ ಬದಲು ಹೊರತೆಗೆಯುವ ಮಾರ್ಗವನ್ನು ತೋರಿಸಿದ. ಇದು ದೊಡ್ಡ ಹೆಜ್ಜೆಯೇ. ಆದರೆ ಇದಕ್ಕೆ ಕರಿಗುಡ್ಡೆಯ ಅಂಚಿನಲ್ಲಿ ದೊಡ್ಡ ಗಾಯ ಮಾಡಬೇಕಾಗಿತ್ತು, ಹೊಲಿಗೆಯೂ ಇರಲಿಲ್ಲ. ಒಂದು ಕೆಮ್ಮು ಬಂದರೆ ಕಣ್ಣಿನೊಳಗಿನದು ಹೊರಬರುವ ಭಯ. ಆದುದರಿಂದ ರೋಗಿಯ ತಲೆಯ ಎರಡು ಪಕ್ಕಕ್ಕೂ ಮರಳಿನ ಚೀಲವಿಟ್ಟು, ಎರಡು ಕಣ್ಣಿಗೂ ಪಟ್ಟಿ ಕಟ್ಟಿ, ದಿನಗಟ್ಟಲೆ ಅಲುಗದಂತೆ ಮಲಗಿಸುತ್ತಿದ್ದರು. ಯೋಚಿಸಿ ನೋಡಿ: ಎಪ್ಪತ್ತು ದಾಟಿದ ಜೀವ, ಹಗಲಿರುಳೂ ಕತ್ತಲೆ. ಕೆಲವರಿಗೆ ಬೆನ್ನಿನಲ್ಲಿ ಹುಣ್ಣಾಗುತ್ತಿತ್ತು, ಕೆಲವರಿಗೆ ಎದೆಯಲ್ಲಿ ಕಫ ಕಟ್ಟುತ್ತಿತ್ತು. ಇನ್ನು ಕೆಲವರು ಬುದ್ಧಿ ಭ್ರಮಿಸಿ ಪಟ್ಟಿಯನ್ನೇ ಕಿತ್ತೆಸೆಯುತ್ತಿದ್ದರು. ಕಣ್ಣನ್ನು ಉಳಿಸಲು ಹೂಡಿದ ವಿಶ್ರಾಂತಿಯೇ ಪ್ರಾಣಕ್ಕೆ ಎರವಾಗುವ ಪರಿಸ್ಥಿತಿ ಅದು.

1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್, ಕೊಕೇನ್ ಹನಿಯಿಂದ ಕಣ್ಣನ್ನಷ್ಟೇ ಮರಗಟ್ಟಿಸಬಹುದೆಂದು ಕಂಡುಕೊಂಡ. ಈಥರ್ ಕೊಟ್ಟಾಗ ಬರುತ್ತಿದ್ದ ವಾಂತಿಯ ಅಪಾಯ ಇದರಿಂದ ತಪ್ಪಿತು. ಸೂಕ್ಷ್ಮವಾದ ಹೊಲಿಗೆಗಳು ಬಳಕೆಗೆ ಬಂದಂತೆ ಮರಳಿನ ಚೀಲವೂ ಮರೆಯಾಯಿತು.

ಇಷ್ಟಾದರೂ ಮಸೂರವಿಲ್ಲದ ಕಣ್ಣಿಗೆ ಸೋಡಾ ಬಾಟಲಿಯ ತಳದಂತಹ ದಪ್ಪ ಕನ್ನಡಕವೇ ಗತಿ. ನಮ್ಮ ನಾಡಿನಲ್ಲಿ ಡಾ. ಎಂ. ಸಿ. ಮೋದಿಯವರು ಊರೂರಿನಲ್ಲಿ ನಡೆಸಿದ ನೇತ್ರಶಿಬಿರಗಳ ಕಾಲದಲ್ಲಿ ಅಂತಹ ಕನ್ನಡಕ ಧರಿಸಿದ ಅಜ್ಜ ಅಜ್ಜಿಯರು ಎಲ್ಲೆಲ್ಲೂ ಕಾಣುತ್ತಿದ್ದರು. ಆ ಕನ್ನಡಕದಲ್ಲಿ ಎಲ್ಲವೂ ಹಿಗ್ಗಿ ಹತ್ತಿರ ಬಂದಂತೆ ತೋರುವುದರಿಂದ ಮೆಟ್ಟಿಲಿನ ಅಂದಾಜು ತಪ್ಪುತ್ತಿತ್ತು.

ಲಂಡನ್ನಿನ ಹೆರಾಲ್ಡ್ ರಿಡ್ಲಿ, ಯುದ್ಧವಿಮಾನದ ಚಾಲಕರ ಕಣ್ಣಿಗೆ ಸಿಡಿದು ಸೇರಿದ ಅಕ್ರಿಲಿಕ್ ಚೂರುಗಳನ್ನು ಕಣ್ಣು ಸಹಿಸಿಕೊಂಡದ್ದನ್ನು ಗಮನಿಸಿ, 1949ರ ನವೆಂಬರ್ 29ರಂದು ಅಂತಹ ವಸ್ತುವಿನ ಮಸೂರವನ್ನೇ ಕಣ್ಣಿನೊಳಗೆ ಇಟ್ಟರು. ಅಳತೆ ತಪ್ಪಿ ಆ ರೋಗಿಗೆ ತೀವ್ರ ಸಮೀಪದೃಷ್ಟಿ ಬಂತು. ಮುಂದಿನವರಲ್ಲಿ ಕೆಲವರಿಗೆ ಮಸೂರ ಜಾರಿತು, ಕೆಲವರಿಗೆ ಕಣ್ಣಿನೊತ್ತಡ ಏರಿತು. ಹಿರಿಯ ವೈದ್ಯರು ಪ್ರಬಲವಾಗಿ ವಿರೋಧಿಸಿದರು. ವಿರೋಧಕ್ಕೆ ಕಾರಣವಿಲ್ಲದೆ ಇರಲಿಲ್ಲ ಎನ್ನಬೇಕು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಶ್ರವಣಾತೀತ ಶಬ್ದತರಂಗದಿಂದ ಮಸೂರವನ್ನು ಒಡೆದು ಹೀರಿ ತೆಗೆಯುವ ಯಂತ್ರವನ್ನು ತಂದ ಮೇಲೆ ಗಾಯವು ಕ್ರಮೇಣ ಮೂರು ಮಿಲಿಮೀಟರಿಗಿಂತಲೂ ಚಿಕ್ಕದಾಯಿತು. ಈಗ ರೋಗಿ ಅದೇ ದಿನ ಮನೆಗೆ ನಡೆದು ಬರುತ್ತಾನೆ.

ಗಾಯ ಚಿಕ್ಕದಾದರೂ ಕ್ರಿಮಿಗಳಿಗೆ ಅಷ್ಟು ದಾರಿ ಸಾಕು. ಒಂದೆರಡು ದಿನ ಕಣ್ಣಿನಲ್ಲಿ ಮರಳು ಬಿದ್ದಂತೆ ಕಿರಿಕಿರಿಯಾದರೆ, ನೀರು ಬಂದರೆ ಹೆದರಬೇಕಾಗಿಲ್ಲ. ಆದರೆ ಮೊದಲ ವಾರಗಳಲ್ಲಿ ನೋವು ಹೆಚ್ಚುತ್ತ ಹೋದರೆ, ಕಣ್ಣು ಕೆಂಪೇರಿದರೆ, ನಿನ್ನೆ ಕಂಡದ್ದು ಇಂದು ಮಸುಕಾದರೆ, ಬೆಳಗಾಗಲೆಂದು ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಒಳಗಣ ಸೋಂಕು ಒಂದೆರಡು ದಿನದಲ್ಲೇ ದೃಷ್ಟಿಯನ್ನು ಕಸಿಯಬಲ್ಲದು. ಮಿಂಚು ಹೊಳೆದಂತೆ, ಕಪ್ಪು ಚುಕ್ಕೆಗಳು ಒಮ್ಮೆಗೇ ತೇಲಿಬಂದಂತೆ, ಪರದೆ ಇಳಿದಂತೆ ತೋರಿದರೂ ಅಷ್ಟೇ ತ್ವರೆ ಬೇಕು. ಅದು ಅಕ್ಷಿಪಟಲ ಕಳಚುತ್ತಿರುವ ಸೂಚನೆಯಿರಬಹುದು.

ಕೆಲವು ತಿಂಗಳು ಇಲ್ಲವೆ ವರ್ಷಗಳ ಮೇಲೆ ನಿಧಾನವಾಗಿ ಮಬ್ಬು ಕವಿದರೆ "ಪೊರೆ ಮತ್ತೆ ಬೆಳೆಯಿತು" ಎನ್ನುವವರುಂಟು. ತೆಗೆದ ಪೊರೆ ಮತ್ತೆ ಬೆಳೆಯುವುದಿಲ್ಲ. ಹೊಸ ಮಸೂರಕ್ಕೆ ಆಸರೆಯಾಗಲೆಂದು ಉಳಿಸಿದ ತೆಳುಚೀಲದ ಹಿಂಬದಿ ಮಸುಕಾಗಿರುತ್ತದೆ. ರಿಡ್ಲಿಯವರ ರೋಗಿಗಳನ್ನೂ ಕಾಡಿದ ತೊಂದರೆಯಿದು. ಇಂದು ಲೇಸರ್ ಕಿರಣದಿಂದ ಆ ಚೀಲದಲ್ಲಿ ಕಿಂಡಿ ತೆರೆಯುತ್ತಾರೆ. ಕೆಲವೇ ನಿಮಿಷದ ಕೆಲಸ, ಪಟ್ಟಿಯನ್ನೂ ಕಟ್ಟುವುದಿಲ್ಲ.