ಗಿಟಾರಿಗೆ ಧಿಕ್ಕಾರ ಕೂಗಿದ ಊರಿನ ಹುಡುಗರು

1967ರ ಜುಲೈ 17. ಬ್ರೆಜಿಲ್ ದೇಶದ ಸಾವೊ ಪಾಲೊ ನಗರದಲ್ಲೊಂದು ಮೆರವಣಿಗೆ ಹೊರಟಿತು. ಆಗ ಅಲ್ಲಿ ಸೇನಾಡಳಿತವಿತ್ತು. ಆದರೆ ಮೆರವಣಿಗೆ ಸೇನೆಯ ವಿರುದ್ಧವಲ್ಲ, ಬೆಲೆಯೇರಿಕೆಯ ವಿರುದ್ಧವೂ ಅಲ್ಲ. ಅದು ಎಲೆಕ್ಟ್ರಿಕ್ ಗಿಟಾರಿನ ವಿರುದ್ಧ! ಮುಂದಿನ ಸಾಲಿನಲ್ಲಿದ್ದವರು ನಾಡಿನ ಅಚ್ಚುಮೆಚ್ಚಿನ ಗಾಯಕಿ ಎಲಿಸ್ ರೆಜಿನಾ. ಎಡು ಲೋಬೊ, ಜೈರ್ ರೊಡ್ರಿಗಸ್, ಗಿಲ್ಬರ್ಟೊ ಗಿಲ್ ಮೊದಲಾದ ಹೆಸರಾಂತ ಸಂಗೀತಗಾರರು ಜೊತೆಗಿದ್ದರು. ಅಮೆರಿಕ ಮತ್ತು ಬ್ರಿಟನ್ನಿನಿಂದ ಬಂದ ಈ ಅಬ್ಬರದ ವಾದ್ಯ ಬ್ರೆಜಿಲ್‌ನ ಸಂಗೀತವನ್ನು ನುಂಗಿಹಾಕುತ್ತದೆ, ನಮ್ಮದನ್ನು ನಾವೇ ಉಳಿಸಿಕೊಳ್ಳಬೇಕು ಎಂಬುದು ಅವರ ವಾದ. ಹೋಟೆಲೊಂದರ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದ ಗಾಯಕ ಕೆಟಾನೊ ವೆಲೋಸೊ ಅವರಿಗೆ ಮಾತ್ರ ಈ ದೃಶ್ಯ ಹಿಡಿಸಲಿಲ್ಲ.

ಮೆರವಣಿಗೆ ಕೊನೆಗೊಂಡದ್ದು ಪ್ಯಾರಾಮೌಂಟ್ ರಂಗಮಂದಿರದಲ್ಲಿ. ಮೂರು ತಿಂಗಳು ಕಳೆದು ಅದೇ ರಂಗಮಂದಿರದಲ್ಲಿ ಟಿವಿ ವಾಹಿನಿಯೊಂದರ ಗೀತಸ್ಪರ್ಧೆ ನಡೆಯಿತು. ಧಿಕ್ಕಾರ ಕೂಗುವವರ ಸಾಲಿನಲ್ಲಿ ನಡೆದಿದ್ದ ಅದೇ ಗಿಲ್ ಈಗ ಎಲೆಕ್ಟ್ರಿಕ್ ಗಿಟಾರಿನ ತರುಣ ತಂಡವೊಂದನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹಾಡಿ ಎರಡನೆಯ ಬಹುಮಾನ ಪಡೆದರು! ಮೆರವಣಿಗೆಗೆ ತಾವು ಹೋದದ್ದು ಎಲಿಸ್ ಮೇಲಿನ ಪ್ರೀತಿಗೆ ಎಂದು ಅವರು ನಂತರ ಹೇಳಿಕೊಂಡಿದ್ದಾರೆ. ಗಿಲ್ ಮತ್ತು ವೆಲೋಸೊ ಸೇರಿ ಕಟ್ಟಿದ 'ಟ್ರಾಪಿಕಾಲಿಯ' ಚಳವಳಿ, 1968ರ ಡಿಸೆಂಬರಿನಲ್ಲಿ ಅವರಿಬ್ಬರ ಬಂಧನ, ಆಮೇಲಿನ ಲಂಡನ್ ವಾಸ, ಇವೆಲ್ಲ ದೊಡ್ಡ ಕಥೆ. ಇಲ್ಲಿ ಹೇಳಹೊರಟಿರುವುದು ಆ ಮೆರವಣಿಗೆಯ ವೇಳೆಗೆ ಇನ್ನೂ ಹುಟ್ಟಿಯೇ ಇರದ ನಾಲ್ಕಾರು ಹುಡುಗರ ಕಥೆ. ಅದೇ ಊರಿನವರು. ಅದೇ ಗಿಟಾರನ್ನು ಹಿಡಿದು 1993ರಲ್ಲಿ 'ಏಂಜಲ್ಸ್ ಕ್ರೈ' ಎಂಬ ತಮ್ಮ ಚೊಚ್ಚಲ ಆಲ್ಬಮ್ ಹೊರತಂದರು. ತಂಡದ ಹೆಸರು 'ಅಂಗ್ರಾ'.

ಇವರು ನುಡಿಸಿದ್ದು ಪ್ರೋಗ್ರೆಸಿವ್ ಮೆಟಲ್. ಹೆವಿ ಮೆಟಲ್ ಎಂದರೆ ರಾಕ್ ಸಂಗೀತದ ಅತಿ ಗಡುಸಾದ ಕವಲು ಎನ್ನಬಹುದು. ಗಿಟಾರಿನ ಧ್ವನಿಯನ್ನು ಬೇಕೆಂದೇ ಒರಟಾಗಿಸಿ, ಡ್ರಮ್ಮನ್ನು ಎದೆಗೆ ತಟ್ಟುವಂತೆ ಬಾರಿಸುವ ಸಂಗೀತ ಇದು. ಇದಕ್ಕೆ 'ಪ್ರೋಗ್ರೆಸಿವ್' ಎಂಬ ವಿಶೇಷಣ ಸೇರಿತೆಂದರೆ ಹಾಡು ಪಲ್ಲವಿ, ಚರಣ, ಮತ್ತೆ ಪಲ್ಲವಿ ಎಂಬ ಸರಳ ದಾರಿಯಲ್ಲಿ ಸಾಗುವುದಿಲ್ಲ. ನಡುವೆ ತಾಳ ಬದಲಾಗುತ್ತದೆ, ಗತಿ ಬದಲಾಗುತ್ತದೆ, ಒಂದೇ ಹಾಡಿನಲ್ಲಿ ಎರಡು ಮೂರು ಅಂಕಗಳು ಬರುತ್ತವೆ. ಕಲಿತವರ ಸಂಗೀತ ಎಂಬ ಹೆಸರೂ, ಸ್ವಲ್ಪ ಪ್ರದರ್ಶನಪ್ರಿಯರ ಸಂಗೀತ ಎಂಬ ದೂರೂ ಇದಕ್ಕಿದೆ. ಎರಡರಲ್ಲೂ ಸತ್ಯವಿಲ್ಲದಿಲ್ಲ.

ಬ್ರೆಜಿಲ್‌ನಲ್ಲಿ ಈ ಸಂಗೀತಕ್ಕೆ ಬಾಗಿಲು ತೆರೆದದ್ದು 1985ರ ಜನವರಿ. ಹತ್ತು ದಿನಗಳ 'ರಾಕ್ ಇನ್ ರಿಯೊ' ಉತ್ಸವಕ್ಕೆ ಕ್ವೀನ್, ಐರನ್ ಮೇಡನ್, ಎಸಿ/ಡಿಸಿ ಮುಂತಾದ ತಂಡಗಳು ಬಂದವು. ಉತ್ಸವ ನಡೆಯುತ್ತಿರುವಾಗಲೇ, ಜನವರಿ 15ರಂದು, ಟ್ಯಾಂಕ್ರೆಡೊ ನೆವೆಸ್ ಅಧ್ಯಕ್ಷರಾಗಿ ಆಯ್ಕೆಯಾದರು. 21 ವರ್ಷಗಳ ಸೇನಾಡಳಿತಕ್ಕೆ ತೆರೆ ಬಿತ್ತು. (ಅಧಿಕಾರ ವಹಿಸಿಕೊಳ್ಳುವ ಮೊದಲೇ ಅವರು ತೀರಿಕೊಂಡದ್ದು ಆ ದೇಶದ ದುರದೃಷ್ಟ.) ಹೀಗಾಗಿ ಆ ತಲೆಮಾರಿನ ಹುಡುಗರಿಗೆ ಗಿಟಾರಿನ ಅಬ್ಬರ ಕೇಳಿದ್ದೂ ಸೇನೆ ಬ್ಯಾರಕ್ಕಿಗೆ ಮರಳಿದ್ದೂ ಒಂದೇ ಕಾಲದ ನೆನಪುಗಳು. ಅವರಿಗೆ ಗಿಟಾರ್ ಆಕ್ರಮಣಕಾರನ ಆಯುಧವಾಗಿ ಕಾಣಲಿಲ್ಲ.

ಅದೇ ವರ್ಷ ಸಾವೊ ಪಾಲೊದ ಶಾಲಾ ಹುಡುಗರು 'ವೈಪರ್' ಎಂಬ ತಂಡ ಕಟ್ಟಿದರು. ಅದರ ಗಾಯಕ ಆಂಡ್ರೆ ಮಾಟೋಸ್. ಹುಟ್ಟಿದ್ದು 1971ರಲ್ಲಿ. ವೈಪರ್‌ನ ಮೊದಲ ಆಲ್ಬಮ್ 1987ರಲ್ಲಿ ಬಂದಾಗ ಅವರಿಗೆ ಮೀಸೆ ಚಿಗುರುವ ವಯಸ್ಸು. 1989ರ ಎರಡನೆಯ ಆಲ್ಬಮ್‌ನಲ್ಲಿ ಬೀಥೋವನ್‌ನ 'ಮೂನ್‌ಲೈಟ್ ಸೊನಾಟಾ'ವನ್ನು ಆಧರಿಸಿದ ಹಾಡೊಂದಿದೆ. ಹುಡುಗನ ಮನಸ್ಸು ಎತ್ತ ವಾಲುತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಕೈಗೆ ಬಂದಿದ್ದ ಹೆಸರನ್ನು ಬಿಟ್ಟು ಮಾಟೋಸ್ ಸಂಗೀತ ಕಲಿಯಲು ಹೊರಟರು. ಸಾಂತಾ ಮಾರ್ಸೆಲಿನಾ ಕಾಲೇಜಿನಲ್ಲಿ ಅವರು ಕಲಿತದ್ದು ಸ್ವರಸಂಯೋಜನೆ ಮತ್ತು ವಾದ್ಯವೃಂದ ನಿರ್ದೇಶನ. ಅಲ್ಲೇ ಓದುತ್ತಿದ್ದ ಗಿಟಾರ್ ವಾದಕ ರಾಫೆಲ್ ಬಿಟನ್‌ಕೋರ್ಟ್ ಜೊತೆಯಾದರು. 1991ರಲ್ಲಿ ಅಂಗ್ರಾ ಹುಟ್ಟಿತು. ಇನ್ನೊಬ್ಬ ಗಿಟಾರ್ ವಾದಕ ಕಿಕೊ ಲೊರೇರೊ, ಬೇಸ್ ವಾದಕ ಲೂಯಿಸ್ ಮರಿಯುಟ್ಟಿ, ಡ್ರಮ್ ವಾದಕ ಮಾರ್ಕೊ ಆಂಟ್ಯೂನೆಸ್ ಸೇರಿದರು. ಅಂಗ್ರಾ ಎಂದರೆ ತುಪಿ ಮೂಲನಿವಾಸಿಗಳ ಪುರಾಣದಲ್ಲಿ ಬರುವ ಬೆಂಕಿಯ ದೇವತೆ ಎಂಬುದು ತಂಡದವರ ವಿವರಣೆ. ಪೋರ್ಚುಗೀಸ್ ಭಾಷೆಯಲ್ಲಿ ಈ ಪದಕ್ಕೆ ಸಮುದ್ರದ ಚಿಕ್ಕ ಕೊಲ್ಲಿ ಎಂಬ ಅರ್ಥವೂ ಇದೆ.

ಕಾಲ ಒಳ್ಳೆಯದಾಗಿರಲಿಲ್ಲ. 1990ರ ಮಾರ್ಚಿಯಲ್ಲಿ ಅಧಿಕಾರಕ್ಕೆ ಬಂದ ಫರ್ನಾಂಡೊ ಕೊಲೊರ್ ಹಣದುಬ್ಬರ ತಡೆಯಲೆಂದು ಜನರ ಬ್ಯಾಂಕ್ ಠೇವಣಿಗಳನ್ನೇ ತಡೆಹಿಡಿದರು. ಹಣದುಬ್ಬರ ನಿಲ್ಲಲಿಲ್ಲ, ಭ್ರಷ್ಟಾಚಾರದ ಆರೋಪ ಹೊತ್ತು 1992ರ ಕೊನೆಗೆ ಕೊಲೊರ್ ಅವರೇ ಹೋದರು. ಮುಖಕ್ಕೆ ಬಣ್ಣ ಬಳಿದುಕೊಂಡು ಬೀದಿಗಿಳಿದು ಅವರನ್ನು ಕೆಳಗಿಳಿಸಲು ಹೋರಾಡಿದವರಲ್ಲಿ ವಿದ್ಯಾರ್ಥಿಗಳೇ ಮುಂದು. 1993ರಲ್ಲಿ ವಾರ್ಷಿಕ ಹಣದುಬ್ಬರ ಶೇ 2,000 ದಾಟಿತು. ಆ ಆಗಸ್ಟಿನಲ್ಲಿ ನೋಟಿನ ಮೇಲಿನ ಮೂರು ಸೊನ್ನೆ ಕಿತ್ತುಹಾಕಿ ಹೊಸ ನಾಣ್ಯಪದ್ಧತಿ ತಂದರು. ಬೆಳಗಿನ ಬೆಲೆ ಸಂಜೆಗೆ ನಂಬುವಂತಿಲ್ಲದ ದೇಶದಲ್ಲಿ ಕಾಲೇಜು ಹುಡುಗರು ಆಲ್ಬಮ್ ಮಾಡುವ ಕನಸು ಕಾಣುತ್ತಿದ್ದರು ಎಂಬುದನ್ನು ಓದುಗರು ಗಮನಿಸಬೇಕು.

1992ರಲ್ಲಿ ಅವರು ಮಾದರಿ ಕ್ಯಾಸೆಟ್ ಒಂದನ್ನು ಸಿದ್ಧಮಾಡಿದರು. ಮರುವರ್ಷ ಧ್ವನಿಮುದ್ರಣಕ್ಕೆಂದು ಹೋದದ್ದು ಜರ್ಮನಿಯ ಹ್ಯಾಂಬರ್ಗಿಗೆ. ಕಾರಣವಿಲ್ಲದೆ ಅಲ್ಲ. ಶಾಸ್ತ್ರೀಯ ಸಂಗೀತದ ಮಾಧುರ್ಯವನ್ನೂ ಮೆಟಲ್‌ನ ವೇಗವನ್ನೂ ಬೆಸೆದು ಹೆಸರು ಮಾಡಿದ 'ಹೆಲೋವೀನ್' ತಂಡ ಆ ಊರಿನದು. ಅದರ ಸ್ಥಾಪಕರಲ್ಲೊಬ್ಬರಾದ ಕಾಯ್ ಹ್ಯಾನ್ಸೆನ್ ಅವರ ಸ್ಟುಡಿಯೊದಲ್ಲೇ ಕೆಲಸ ನಡೆಯಿತು. ನಿರ್ಮಾಣದ ಹೊಣೆ ಚಾರ್ಲಿ ಬಾವರ್‌ಫೈಂಡ್ ಮತ್ತು ಸಾಷಾ ಪೇಟ್ ಅವರದು. ಗುರುವಿನ ಮನೆಗೇ ಹೋಗಿ ವಿದ್ಯೆ ಒಪ್ಪಿಸಿದ ಹಾಗೆ.

ಗುರುವಿನ ಮನೆಯಲ್ಲಿ ಒಂದು ಬೆಲೆಯನ್ನೂ ತೆರಬೇಕಾಯಿತು. ಆಲ್ಬಮ್‌ನ ಡ್ರಮ್ ಆಂಟ್ಯೂನೆಸ್ ಅವರದಲ್ಲ. ಅವರು ತಂಡದಿಂದ ಹೊರಬಿದ್ದಿದ್ದರು. ಒಂದು ಹಾಡನ್ನು ಬಿಟ್ಟು ಉಳಿದೆಲ್ಲಕ್ಕೂ ಬಾರಿಸಿದವರು ಜರ್ಮನಿಯ ಅಲೆಕ್ಸ್ ಹೋಲ್ಟ್ಸ್‌ವಾರ್ಟ್. ಬಿಟ್ಟ ಒಂದಕ್ಕೆ ಇನ್ನೊಬ್ಬ ಜರ್ಮನ್, ಥಾಮಸ್ ನಾಕ್. ತಾಳಕ್ಕೇ ಹೆಸರಾದ ದೇಶದ ತಂಡವೊಂದು ತನ್ನ ಮೊದಲ ಆಲ್ಬಮ್‌ಗೆ ತಾಳವನ್ನು ಎರವಲು ಪಡೆಯಿತು! ರಿಕಾರ್ಡೊ ಕನ್‌ಫೆಸ್ಸೋರಿ ತಂಡದ ಡ್ರಮ್ ವಾದಕರಾಗಿ ಬಂದದ್ದು ಆಮೇಲೆ.

ಆಲ್ಬಮ್ ಆರಂಭವಾಗುವುದು ಶೂಬರ್ಟ್‌ನ 'ಅಪೂರ್ಣ ಸಿಂಫನಿ'ಯ ತುಣುಕಿನಿಂದ. ಚೊಚ್ಚಲ ಕೃತಿಗೆ ಅಪೂರ್ಣ ಕೃತಿಯ ಮುನ್ನುಡಿ. ಒಂದು ನಿಮಿಷ ಕಳೆಯುತ್ತಲೇ 'ಕ್ಯಾರಿ ಆನ್' ಸಿಡಿಯುತ್ತದೆ. ತಂಡದ ಹಾಡುಗಳಲ್ಲಿ ಅಭಿಮಾನಿಗಳು ಇಂದಿಗೂ ಮೊದಲು ಹೆಸರಿಸುವುದು ಇದನ್ನೇ. ಶೀರ್ಷಿಕೆ ಗೀತೆಯ ನಡುವೆ ಪಗನಿನಿಯ 24ನೆಯ ಕ್ಯಾಪ್ರಿಸ್ ಇಣುಕುತ್ತದೆ. 'ಈವಿಲ್ ವಾರ್ನಿಂಗ್' ಹಾಡಿನಲ್ಲಿ ವಿವಾಲ್ಡಿಯ 'ಚಳಿಗಾಲ' ಬಂದುಹೋಗುತ್ತದೆ. ಕೇಟ್ ಬುಷ್ 1978ರಲ್ಲಿ ಹಾಡಿ ಗೆದ್ದ 'ವುದರಿಂಗ್ ಹೈಟ್ಸ್' ಹಾಡನ್ನು ಮಾಟೋಸ್ ಆ ಗಾಯಕಿಯಷ್ಟೇ ಎತ್ತರದ ಸ್ಥಾಯಿಯಲ್ಲಿ ಹಾಡಿದ್ದಾರೆ. ಮೊದಲ ಸಲ ಕೇಳಿದಾಗ ಹಾಡುತ್ತಿರುವುದು ಗಂಡಸು ಎಂದು ನಂಬಲು ನನಗೆ ತುಸು ಹೊತ್ತು ಹಿಡಿಯಿತು. ಸಾಹಿತ್ಯ ಪೂರ್ತಿ ಇಂಗ್ಲಿಷ್. ಅದರ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು. ಕಣ್ಣೀರು, ದೇವತೆಗಳು, ನಾಳೆಯ ಬೀದಿಗಳು ಇತ್ಯಾದಿ. ಕಲಿತ ಪಾಠವನ್ನೆಲ್ಲ ಒಂದೇ ಉತ್ತರಪತ್ರಿಕೆಯಲ್ಲಿ ಬರೆದುಬಿಡುವ ಜಾಣ ವಿದ್ಯಾರ್ಥಿಯ ಉತ್ಸಾಹ ಉದ್ದಕ್ಕೂ ಕಾಣುತ್ತದೆ.

ಇಷ್ಟೇ ಆಗಿದ್ದರೆ ಇದು ಜರ್ಮನ್ ಸಂಗೀತದ ಒಳ್ಳೆಯ ನಕಲು ಎನ್ನಿಸಿಕೊಂಡು ಉಳಿಯುತ್ತಿತ್ತು. ಆದರೆ ಆಲ್ಬಮ್‌ನ ನಡುವೆ 'ನೆವರ್ ಅಂಡರ್‌ಸ್ಟ್ಯಾಂಡ್' ಎಂಬ ಹಾಡಿದೆ. ಅದರ ಆರಂಭದಲ್ಲಿ ವಿಯೆನ್ನಾ ಇಲ್ಲ, ಹ್ಯಾಂಬರ್ಗ್ ಇಲ್ಲ. ಅಲ್ಲಿ ಕೇಳುವುದು 'ಆಸಾ ಬ್ರಾಂಕಾ'ದ ಧಾಟಿ.

ಬ್ರೆಜಿಲ್‌ನಲ್ಲಿ ಈ ಧಾಟಿ ಗೊತ್ತಿಲ್ಲದವರು ವಿರಳ. 1947ರಲ್ಲಿ ಲೂಯಿಸ್ ಗೊನ್ಜಾಗಾ ಮತ್ತು ಉಂಬರ್ಟೊ ಟೈಶೇರಾ ಸೇರಿ ಮಾಡಿದ ಹಾಡು ಅದು. 'ಆಸಾ ಬ್ರಾಂಕಾ' ಅಂದರೆ ಬಿಳಿ ರೆಕ್ಕೆ. ಆ ಹೆಸರಿನ ಪಾರಿವಾಳ. ಬ್ರೆಜಿಲ್‌ನ ಈಶಾನ್ಯ ಭಾಗದ ಒಳನಾಡು ಬರದ ಸೀಮೆ. ಮಳೆ ಕೈಕೊಟ್ಟಾಗ ಆ ಪಾರಿವಾಳವೂ ನೆಲ ಬಿಟ್ಟು ಹಾರಿಹೋಗುತ್ತದೆ, ಹಿಂದೆಯೇ ರೈತನೂ ಗುಳೆ ಹೊರಡುತ್ತಾನೆ. ಪ್ರಿಯತಮೆಗೆ ಮರಳಿ ಬರುವ ಮಾತು ಕೊಟ್ಟು ಹೊರಡುವ ಅವನ ಹಾಡು ಇದು. ಗೊನ್ಜಾಗಾ ಹುಟ್ಟಿದ್ದು ಆ ಸೀಮೆಯ ಪೆರ್ನಾಂಬುಕೊ ರಾಜ್ಯದಲ್ಲಿ, 1912ರಲ್ಲಿ. ಅಕಾರ್ಡಿಯನ್, ಜಬುಂಬಾ ಎಂಬ ಡೋಲು, ಕಬ್ಬಿಣದ ತ್ರಿಕೋನ, ಈ ಮೂರರ ಮೇಲೆ ಅವರು 'ಬಯಾಂವ್' ಎಂಬ ಲಯವನ್ನು ದೇಶಕ್ಕೆಲ್ಲ ಪರಿಚಯಿಸಿದರು.

ಗುಳೆ ಹೊರಟವರು ಬಂದಿಳಿದದ್ದು ಎಲ್ಲಿ? ಲಕ್ಷಾಂತರ ಮಂದಿಯ ಮಟ್ಟಿಗೆ ಉತ್ತರ ಸಾವೊ ಪಾಲೊ. ಲಾರಿಯ ಹಿಂಭಾಗದ ಹಲಗೆಗಳ ಮೇಲೆ ದಿನಗಟ್ಟಲೆ ಕುಳಿತು ಬಂದವರು ಆ ನಗರದ ಕಟ್ಟಡಗಳನ್ನು ಕಟ್ಟಿದರು, ಕಾರ್ಖಾನೆಗಳಲ್ಲಿ ದುಡಿದರು, ಮನೆಗೆಲಸ ಮಾಡಿದರು. ನಗರ ಅವರ ಬೆವರನ್ನು ಒಪ್ಪಿಕೊಂಡಷ್ಟು ಸುಲಭವಾಗಿ ಅವರನ್ನು ಒಪ್ಪಿಕೊಳ್ಳಲಿಲ್ಲ. ಈಶಾನ್ಯದವರ ಉಚ್ಚಾರಣೆ ಅಲ್ಲಿ ನಗೆಪಾಟಲಿನ ವಸ್ತು, ಅವರ ಊರಿನ ಹೆಸರೇ ಬೈಗುಳ. ಸಂಗೀತ ಕಾಲೇಜಿನ ಹುಡುಗರು ಈ ಬರದ ಸೀಮೆಯವರಲ್ಲ. ಅವರು ಬೆಳೆದ ಊರಿನಲ್ಲಿ ಈ ಧಾಟಿ ಗಾರೆ ಕೆಲಸದವರ ಹಾಡು, ಅಡುಗೆಮನೆಯ ರೇಡಿಯೊದ ಹಾಡು. ಅದನ್ನು ಎತ್ತಿಕೊಂಡು ಪಗನಿನಿ, ವಿವಾಲ್ಡಿಯರ ಸಾಲಿನಲ್ಲೇ ಕೂರಿಸಿದ್ದರಲ್ಲಿ, ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗರಿಗೆ ತಿಳಿದೋ ತಿಳಿಯದೆಯೋ, ಒಂದು ನಿಲುವಿದೆ. 1993ರಲ್ಲೂ ಈಶಾನ್ಯದಲ್ಲಿ ಬರವಿತ್ತು.

ಈಗ ಹಳೆಯ ಮೆರವಣಿಗೆಯನ್ನು ನೆನಪಿಸಿಕೊಳ್ಳಿ. ಗಿಟಾರ್ ಬಂದರೆ ನಮ್ಮ ಹಾಡು ಸಾಯುತ್ತದೆ ಎಂದಿದ್ದರು. ಇಲ್ಲಿ ನೆಲದ ಹಾಡನ್ನು ಅಟ್ಲಾಂಟಿಕ್ ಸಾಗರದಾಚೆಗೆ ಹೊತ್ತೊಯ್ದದ್ದು ಗಿಟಾರಿನ ಹುಡುಗರೇ. ಹಾಗೆಂದು ಎಲಿಸ್ ಅವರ ಆತಂಕ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. ಆಲ್ಬಮ್‌ನ ಹತ್ತು ಭಾಗಗಳಲ್ಲಿ ಈಶಾನ್ಯದ ಧೂಳು ಕಾಣುವುದು ಒಂದರಲ್ಲಿ, ಅದೂ ಆರಂಭದ ಸ್ವಲ್ಪ ಹೊತ್ತು. ಭಾಷೆ ಇಂಗ್ಲಿಷ್, ಡ್ರಮ್ ಜರ್ಮನ್. ಅದೇ ಹಾಡಿನ ಗಿಟಾರ್ ಝಲಕುಗಳಲ್ಲಿ ಹ್ಯಾನ್ಸೆನ್ ಸೇರಿದಂತೆ ಜರ್ಮನ್ ಅತಿಥಿಗಳ ಕೈಯೂ ಇದೆ. ಹೊರಗಿನದರ ಪಾಲೇ ಹೆಚ್ಚು.

ಆಲ್ಬಮ್ ಮೊದಲು ಮಾರುಕಟ್ಟೆ ಕಂಡದ್ದು ಜಪಾನಿನಲ್ಲಿ, 1993ರ ನವೆಂಬರಿನಲ್ಲಿ. ಅಲ್ಲಿ ಅದು ಒಂದು ಲಕ್ಷ ಪ್ರತಿಗಳ ಗಡಿ ಮುಟ್ಟಿ ಚಿನ್ನದ ತಟ್ಟೆಯ ಗೌರವ ಪಡೆಯಿತು. ಜಪಾನಿನಿಂದ ವಲಸೆ ಹೊರಟವರು 1908ರಲ್ಲಿ ಕಸಾಟೊ ಮಾರು ಹಡಗಿನಲ್ಲಿ ಬಂದಿಳಿದದ್ದು ಸಾವೊ ಪಾಲೊ ರಾಜ್ಯದ ಸಾಂಟೋಸ್ ಬಂದರಿಗೆ, ಕಾಫಿ ತೋಟದ ಕೂಲಿಗೆ. ಆಲ್ಬಮ್‌ನ ಯಶಸ್ಸಿಗೂ ಅದಕ್ಕೂ ಸಂಬಂಧವಿದೆ ಎಂದು ಹೇಳಲಾಗದು. ಮಾಧುರ್ಯ ಬೆರೆತ ಮೆಟಲ್‌ಗೆ ಜಪಾನಿನಲ್ಲಿ ಮೊದಲಿನಿಂದಲೂ ಕೇಳುಗರಿದ್ದರು.

ಮುಂದೆ ತಂಡ ಒಡೆಯಿತು. 2000ದಲ್ಲಿ ಮಾಟೋಸ್, ಮರಿಯುಟ್ಟಿ, ಕನ್‌ಫೆಸ್ಸೋರಿ ಮೂವರೂ ಹೊರನಡೆದರು. ಅಂಗ್ರಾ ಹೊಸ ಗಾಯಕನೊಂದಿಗೆ ಮುಂದುವರಿಯಿತು. ಲೊರೇರೊ 2015ರಲ್ಲಿ ಅಮೆರಿಕದ 'ಮೆಗಾಡೆತ್' ತಂಡ ಸೇರಿ 2017ರಲ್ಲಿ ಗ್ರ್ಯಾಮಿ ಪ್ರಶಸ್ತಿಯಲ್ಲಿ ಪಾಲು ಪಡೆದರು. ಮಾಟೋಸ್ 2019ರ ಜೂನ್ 8ರಂದು ಹೃದಯಾಘಾತದಿಂದ ನಿಧನರಾದರು. ಅವರಿಗೆ ಆಗ 47 ವರ್ಷ.

ಆದರೆ ಒಡೆಯುವ ಮೊದಲು, 1996ರಲ್ಲಿ, ಇದೇ ಗೆಳೆಯರು ಎರಡನೆಯ ಆಲ್ಬಮ್ 'ಹೋಲಿ ಲ್ಯಾಂಡ್' ತಂದಿದ್ದರು. 1500ರ ಹೊತ್ತಿಗೆ ಪೋರ್ಚುಗೀಸ್ ಹಡಗುಗಳು ಬ್ರೆಜಿಲ್ ತೀರ ಮುಟ್ಟಿದ ಕಾಲವೇ ಅದರ ವಸ್ತು. ಮೊದಲ ಆಲ್ಬಮ್‌ನಲ್ಲಿ ಒಂದು ಹಾಡಿನ ಬಾಗಿಲಲ್ಲಿ ನಿಂತಿದ್ದ ಊರಿನ ಲಯಗಳು ಇದರಲ್ಲಿ ಮನೆಯೊಳಗೇ ಬಂದವು. ಡ್ರಮ್ ಬಾರಿಸಿದವರು ಕನ್‌ಫೆಸ್ಸೋರಿ.