ಕಾರ್ಬನ್ ಹಾಳೆ ಕಾಯುತ್ತಿದ್ದ ಮಿತಿ

ಟೈಪ್‌ರೈಟರ್ ಕಾಲದ ಕಚೇರಿಯಲ್ಲಿ ಒಂದು ಪತ್ರ ಎಷ್ಟು ಮಂದಿಗೆ ಹೋಗಬೇಕೆಂಬುದನ್ನು ಬಹುಮಟ್ಟಿಗೆ ಕಾರ್ಬನ್ ಹಾಳೆಯೇ ತೀರ್ಮಾನಿಸುತ್ತಿತ್ತು. ಕೆಳಗಿನ ಪ್ರತಿಗಳಿಗೆ ಹೋದಂತೆ ಅಕ್ಷರ ಮಸುಕಾಗುತ್ತಿದ್ದುದರಿಂದ, ಪತ್ರದ ಕೊನೆಯಲ್ಲಿ 'ಪ್ರತಿ' ಎಂದು ಬರೆದು ಅದರಡಿ ಹೆಸರು ಸೇರಿಸುವ ಮುನ್ನ ಯೋಚಿಸಲೇಬೇಕಿತ್ತು. ಇಮೇಲ್ ಆ ಪದ್ಧತಿಯನ್ನು ಉಳಿಸಿಕೊಂಡು ಮಿತಿಯನ್ನು ಮಾತ್ರ ಕೈಬಿಟ್ಟಿತು. 1977ರ ನವೆಂಬರಿನಲ್ಲಿ ಅಮೆರಿಕದ ಅರ್ಪಾನೆಟ್ ಜಾಲಕ್ಕಾಗಿ ಬರೆದ ಆರ್‌ಎಫ್‌ಸಿ 733 ಎಂಬ ನಿಯಮಾವಳಿಯಲ್ಲೇ ಸಿಸಿ, ಬಿಸಿಸಿ ಎರಡೂ ಇವೆ. ಸಿಸಿ ಕಾರ್ಬನ್ ಪ್ರತಿಯ ನೆನಪು; ಬಿಸಿಸಿ ಉಳಿದವರ ಕಣ್ಣಿಗೆ ಬೀಳದ ಪ್ರತಿ. ಕಾರ್ಬನ್ ಹಾಳೆ ಕಾಯುತ್ತಿದ್ದ ಮಿತಿಯನ್ನು ಕಳುಹಿಸುವವರೇ ಕಾಯಬೇಕಾಗಿ ಬಂದಾಗ ಹುಟ್ಟಿದ್ದು ಗುಂಪು ಇಮೇಲಿನ ಶಿಷ್ಟಾಚಾರ. ಅದನ್ನು ಬರಿಯ ನಯವಿನಯವೆಂದು ಎಣಿಸುವುದು ತಪ್ಪು.

ಕಾಯದಿದ್ದರೆ ಏನಾಗುತ್ತದೆಂಬುದು ಮರುವರ್ಷವೇ ತಿಳಿಯಿತು. 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥರ್ಕ್ ಹೊಸ ಕಂಪ್ಯೂಟರುಗಳ ಪ್ರದರ್ಶನಕ್ಕೆ ಕರೆಯುತ್ತ ಸುಮಾರು 400 ಮಂದಿಗೆ ಒಂದೇ ಸಂದೇಶ ಕಳುಹಿಸಿದರು. ವಿಳಾಸಗಳು ಮೀಸಲು ಜಾಗದಲ್ಲಿ ಹಿಡಿಸದೆ ಪತ್ರದ ಒಡಲಿಗೇ ಹರಿದವು. ಓದುವವರು ಮೊದಲು ಹೆಸರುಗಳ ರಾಶಿಯನ್ನೇ ದಾಟಬೇಕಾಯಿತು. ಕಳುಹಿಸಿದವರಿಗೆ ಉಳಿದ ಶ್ರಮ ಪಡೆದವರ ತಲೆಗೆ ಬಿತ್ತು. 1995ರ ಅಕ್ಟೋಬರಿನಲ್ಲಿ ಹೊರಬಂದ ಆರ್‌ಎಫ್‌ಸಿ 1855 ಎಂಬ ಜಾಲ ಶಿಷ್ಟಾಚಾರದ ಕೈಪಿಡಿ ಈ ಲೆಕ್ಕವನ್ನು ನೇರವಾಗಿ ಮುಂದಿಟ್ಟಿತು: ಅಂಚೆಯಂತಲ್ಲದೆ, ಇಮೇಲಿನ ವೆಚ್ಚವನ್ನು ಕಳುಹಿಸುವವರೂ ಪಡೆಯುವವರೂ ಹೆಚ್ಚುಕಡಿಮೆ ಸಮವಾಗಿ ಹೊರುತ್ತಾರೆ. ಮಾತು ಇಬ್ಬರ ನಡುವಿನದಾದ ಮೇಲೆ ಉಳಿದವರನ್ನು ಸಿಸಿಯಿಂದ ಬಿಡಬೇಕೆಂಬ ಸೂಚನೆಯೂ ಅದರಲ್ಲೇ ಇದೆ.

ಇದೆಲ್ಲ ಯಂತ್ರದ ದೋಷ, ತಂತ್ರಾಂಶವನ್ನು ಸರಿಪಡಿಸಿದರೆ ಸಾಕು ಎಂಬ ವಾದವುಂಟು. ಅದರಲ್ಲಿ ಅರ್ಧ ನಿಜವಿದೆ. 2016ರ ನವೆಂಬರಿನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಒಂದು ಪರೀಕ್ಷಾ ಸಂದೇಶ ಸುಮಾರು 8,40,000 ಖಾತೆಗಳಿಗೆ ಹೋದದ್ದು ಪಟ್ಟಿ ತಯಾರಿಸುವ ತಂತ್ರಾಂಶದ ತಪ್ಪಿನಿಂದಲೇ. ಆದರೆ ಅದನ್ನು ಪ್ರವಾಹವಾಗಿಸಿದ್ದು 'ಎಲ್ಲರಿಗೂ ಉತ್ತರಿಸಿ' ಗುಂಡಿಯನ್ನು ಒತ್ತಿದ ಕೈಗಳು. 1997ರಲ್ಲಿ ಮೈಕ್ರೋಸಾಫ್ಟ್‌ನ ಸುಮಾರು 13,000 ನೌಕರರ ಪಟ್ಟಿಯಲ್ಲೂ ಹೀಗೇ ಆಗಿತ್ತು: ನನ್ನನ್ನು ಪಟ್ಟಿಯಿಂದ ತೆಗೆಯಿರಿ ಎಂದು ಒಬ್ಬರು ಬರೆದರೆ, ನನ್ನನ್ನೂ ತೆಗೆಯಿರಿ ಎಂದು ಉಳಿದವರಲ್ಲಿ ಹಲವರು ಎಲ್ಲರಿಗೂ ಬರೆದರು. ಬಹುಪಾಲು ಮಂದಿ ಮೌನ ಬೇಡುತ್ತಿದ್ದರು, ಬೇಡಿಕೆಯೇ ಗದ್ದಲವಾಯಿತು. ವಿಳಾಸಗಳನ್ನು ಬಿಸಿಸಿಯಲ್ಲಿಡುವುದು ಮುಚ್ಚುಮರೆಯಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ನಾಲ್ವರು ಸೇರಿ ತೀರ್ಮಾನಿಸುವಾಗ ಒಬ್ಬರನ್ನು ಮರೆಯಲ್ಲಿ ಕೂರಿಸುವುದು ಖಂಡಿತ ತಪ್ಪು. ಆದರೆ ಒಬ್ಬರನ್ನೊಬ್ಬರು ಅರಿಯದ ನೂರು ಮಂದಿಗೆ ಸುತ್ತೋಲೆ ಕಳುಹಿಸುವಾಗ ಅವರವರ ವಿಳಾಸ ಅವರವರ ಸೊತ್ತು. ಅದನ್ನು ಹರಡುವ ಹಕ್ಕು ನಮಗಿಲ್ಲ. ಹೆಸರು ಸೇರಿಸುವ ಮುನ್ನ ಟೈಪಿಸ್ಟ್ ಕೈತಡೆಯುತ್ತಿದ್ದ ಆ ಒಂದು ಗಳಿಗೆಯನ್ನು ಯಾವ ಯಂತ್ರವೂ ಮರಳಿ ಕೊಡಲಾರದು. ಅದನ್ನು ನಾವೇ ತಂದುಕೊಳ್ಳಬೇಕು.