ಬೀಳುಬಿಟ್ಟ ನೆಲದ ಹಣ ಯಾರ ಕೈಗೆ? ಆರ್ಕನ್ಸಾ ಹತ್ತಿ ಸಹಾಯಧನ: 1933–1939

ಅಮೆರಿಕದ ಆರ್ಕನ್ಸಾ ರಾಜ್ಯದ ಪಾಯಿನ್ಸೆಟ್ ಕೌಂಟಿಗೆ ಸೇರಿದ ಟೈರೊನ್ಜಾ ಊರಿನ ಬಳಿ 1934ರ ಜುಲೈನಲ್ಲಿ ಹನ್ನೊಂದು ಮಂದಿ ಬಿಳಿಯರೂ ಏಳು ಮಂದಿ ಕರಿಯರೂ ಒಂದು ಶಾಲಾ ಕೊಠಡಿಯಲ್ಲಿ ಕೂಡಿ ದಕ್ಷಿಣದ ಗೇಣಿದಾರರ ಸಂಘವನ್ನು ಕಟ್ಟಿದರು. ಅವರನ್ನು ಒಗ್ಗೂಡಿಸಿದ್ದು ರೈತರ ರಕ್ಷಣೆಗೆಂದೇ ಬಂದ ಸರ್ಕಾರಿ ಸಹಾಯಧನ. 1933ರ ಕೃಷಿ ಹೊಂದಾಣಿಕೆ ಕಾಯ್ದೆಯಡಿ ಹತ್ತಿಯ ಬಿತ್ತನೆ ತಗ್ಗಿಸಿದವರಿಗೆ ಹಣ ಸಿಗುತ್ತಿತ್ತು. ಆ ಹಣ ಜಮೀನ್ದಾರರಲ್ಲಿ ಉಳಿದದ್ದಕ್ಕೆ ಕೆಲವರ ದುರಾಸೆಯೇ ಕಾರಣವೆಂಬ ವಿವರಣೆ ಸಾಲದು. ಸಹಾಯಧನವನ್ನು ದುಡಿಮೆಗೆ ಕಟ್ಟದೆ ನೆಲದ ಒಡೆತನಕ್ಕೆ ಕಟ್ಟಿದ್ದೇ ಮೂಲದೋಷ ಎಂಬುದು ನನ್ನ ವಾದ.

1934–35ರ ಕರಾರುಪತ್ರವೇ ಇದಕ್ಕೆ ಸಾಕ್ಷಿ. ಬೆಳೆಯದೆ ಬಿಟ್ಟ ಹತ್ತಿಗೆ ಪೌಂಡಿಗೆ ಮೂರೂವರೆ ಸೆಂಟ್ ನೆಲಬಾಡಿಗೆ, ಅದರ ಮೇಲೆ ಒಂದು ಸೆಂಟ್ ಬೆಲೆಪೂರಕ. ಬಾಡಿಗೆಯಷ್ಟೂ ಒಡೆಯನದು, ಪಾಲಿಗೆ ಉಳುವವನಿಗೆ ದಕ್ಕುತ್ತಿದ್ದದ್ದು ಪೂರಕದಲ್ಲಿ ಅರ್ಧ ಸೆಂಟ್. ಎಕರೆಗೆ 200 ಪೌಂಡ್ ಅರಳೆ ಕೊಡುವ ನೆಲವೆಂದುಕೊಂಡರೆ ಒಡೆಯನಿಗೆ ಸುಮಾರು ಎಂಟು ಡಾಲರ್, ಒಕ್ಕಲಿಗೆ ಒಂದು. ಅದೇ ಎಕರೆಯನ್ನು ಉತ್ತಿದ್ದರೆ ಅರ್ಧಪಾಲಿನ 100 ಪೌಂಡ್, ಪೌಂಡಿಗೆ ಹತ್ತು ಸೆಂಟಿನಂತೆ ಹತ್ತು ಡಾಲರ್ ತರುತ್ತಿತ್ತು. ಸಾಲ, ಗೊಬ್ಬರದ ಲೆಕ್ಕ ಕಳೆದ ಮೇಲೂ ಆ ಒಂದು ಡಾಲರಿಗಿಂತ ಮೇಲೇ ಎನ್ನಬೇಕು. ಇಲ್ಲಿ ಯಾರೂ ಮೋಸ ಮಾಡಿಲ್ಲ. ಕರಾರು ಅಕ್ಷರಶಃ ಪಾಲನೆಯಾದರೂ ಫಲ ಇದೇ. ಒಕ್ಕಲುಗಳ ಸಂಖ್ಯೆಯನ್ನು ಸಾಧ್ಯವಾದಷ್ಟೂ ಕಾಯ್ದುಕೊಳ್ಳಬೇಕೆಂದು ಏಳನೆಯ ಕಲಂ ಹೇಳಿತ್ತು, ನಿಜ. ಆದರೆ ಒಕ್ಕಲೆಬ್ಬಿಸಲ್ಪಟ್ಟವನ ದೂರು ಹೋಗುತ್ತಿದ್ದದ್ದು ಜಮೀನ್ದಾರರದೇ ಮೇಲುಗೈಯಿದ್ದ ಕೌಂಟಿ ಸಮಿತಿಗೆ. ಸಂಖ್ಯೆಯಷ್ಟೇ ಅಲ್ಲ, ಅದೇ ಒಕ್ಕಲುಗಳನ್ನೇ ಉಳಿಸಿಕೊಳ್ಳಬೇಕೆಂದು ಕೃಷಿ ಇಲಾಖೆಯ ಕಾನೂನು ವಿಭಾಗ ಅರ್ಥೈಸಿದಾಗ, 1935ರ ಫೆಬ್ರವರಿಯಲ್ಲಿ ಅದರ ಮುಖ್ಯಸ್ಥ ಜೆರೋಮ್ ಫ್ರಾಂಕ್ ಮತ್ತು ಕೆಲವು ಸಹೋದ್ಯೋಗಿಗಳನ್ನೇ ವಜಾ ಮಾಡಲಾಯಿತು.

ಬೆಲೆ ಏರಿದ್ದರಿಂದ ಒಕ್ಕಲಿಗೂ ಲಾಭವಾಯಿತಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 1932ರಲ್ಲಿ ಆರೂವರೆ ಸೆಂಟಿನ ಆಸುಪಾಸಿನಲ್ಲಿದ್ದ ಹತ್ತಿ ಮರುವರ್ಷ ಹತ್ತನ್ನು ಮುಟ್ಟಿತು. ನೆಲ ಉಳಿಸಿಕೊಂಡವನಿಗೆ ಅದು ದೊಡ್ಡ ಆಸರೆ. ನೆಲವೇ ತಪ್ಪಿಹೋದವನಿಗೆ ಏರಿದ ಬೆಲೆಯಲ್ಲಿ ಪಾಲೆಲ್ಲಿ? ಯಂತ್ರಗಳು ಹೇಗೂ ಇವರನ್ನು ಹೊರದಬ್ಬುತ್ತಿದ್ದವು ಎಂಬ ಇನ್ನೊಂದು ವಾದ ಕಾಲಕ್ರಮಕ್ಕೇ ಹೊಂದುವುದಿಲ್ಲ. ಹತ್ತಿ ಬಿಡಿಸುವ ಯಂತ್ರ ಹೊಲಗಳಲ್ಲಿ ನೆಲೆಯೂರಿದ್ದು ಎರಡನೆಯ ಮಹಾಯುದ್ಧದ ನಂತರ; ಒಕ್ಕಲೆಬ್ಬಿಸುವಿಕೆ ಅದಕ್ಕಿಂತ ಬಹು ಮೊದಲೇ ನಡೆದಿತ್ತು. ಟ್ರ್ಯಾಕ್ಟರ್ ಆಗಲೇ ಬಂದಿತ್ತೆಂದರೆ, ಅದನ್ನು ಕೊಳ್ಳುವ ನಗದನ್ನು ಒಡೆಯನ ಕೈಗಿತ್ತದ್ದರಲ್ಲಿ ಸಹಾಯಧನದ ಪಾತ್ರವೂ ಇತ್ತು.

ಹಾಗಾದರೆ ಹಣವನ್ನು ಒಕ್ಕಲಿನ ಕೈಗೇ ಕೊಟ್ಟಿದ್ದರೆ? ಇದು ಅತ್ಯಂತ ಗಟ್ಟಿಯಾದ ಪ್ರಶ್ನೆ. ಮುಂದಿನ ವರ್ಷಗಳಲ್ಲಿ ಕಾಯ್ದೆ ಆ ಕಡೆಗೇ ಹೊರಳಿತು, ಒಕ್ಕಲಿನ ಪಾಲೂ ಹೆಚ್ಚಿತು. ಆದರೆ ಯಾರನ್ನು ಒಕ್ಕಲೆಂದು ಇಟ್ಟುಕೊಳ್ಳಬೇಕೆಂಬ ನಿರ್ಧಾರ ಒಡೆಯನದೇ ಆಗಿತ್ತು. ಪಾಲು ಕೊಡುವ ಬದಲು ಅವನು ಅದೇ ನೆಲಕ್ಕೆ ದಿನಗೂಲಿಯವರನ್ನು ಹಚ್ಚಿಕೊಂಡ. ಕೂಲಿಯವನಿಗೆ ಸಹಾಯಧನದ ಹಕ್ಕಿರಲಿಲ್ಲ. 1939ರ ಜನವರಿಯಲ್ಲಿ ನೆರೆಯ ಮಿಸೌರಿಯ ಆಗ್ನೇಯ ಕೌಂಟಿಗಳಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಹಾಸಿಗೆ, ಒಲೆ, ಮಕ್ಕಳೊಂದಿಗೆ ಹೆದ್ದಾರಿಯ ಬದಿಯಲ್ಲಿ ಬೀಡುಬಿಟ್ಟದ್ದು ಈ ಪಲ್ಲಟದ ವಿರುದ್ಧವೇ.